ರೆಕ್ಟರ್ ಪರವಾಗಿ ನಾನು ಬರೆದ ಹದಿನಾಲ್ಕು ಪುಟ

ಉತ್ತರ ಗೊತ್ತಿದ್ದರೂ ಹೇಳಬಾರದು. ಇದು ನನ್ನ ಹೊಸ ಕೆಲಸದ ಮೊದಲ ನಿಯಮವಾಗಿತ್ತು. ಸ್ವೀಡನ್ನಿನಲ್ಲಿ ಸರ್ಕಾರದ ಹಣದಿಂದ ನಡೆಯುವ, ಆದರೆ ಆಡಳಿತ ಮಾತ್ರ ಖಾಸಗಿಯಾದ ಶಾಲೆಗಳಿಗೆ ಫ್ರಿಸ್ಕೂಲ ಎನ್ನುತ್ತಾರೆ. ಮಾಲ್ಮೋ ನಗರದಲ್ಲಿ ಅಂಥ ಶಾಲೆಗಳನ್ನು ಹೊಸದಾಗಿ ತೆರೆಯುವವರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ನನ್ನನ್ನು ತರಬೇತುದಾರಳಾಗಿ ಸೇರಿಸಿಕೊಂಡಿತು. ಮೊದಲ ದಿನವೇ ಅದರ ಮುಖ್ಯಸ್ಥ ಒಂದು ಹಾಳೆ ಕೈಗಿತ್ತ. ವಾರಕ್ಕೊಂದು ದಿನ ಶಾಲೆಗೆ ಹೋಗಬೇಕು. ಅಲ್ಲಿನ ರೆಕ್ಟರ್, ಅಂದರೆ ಮುಖ್ಯೋಪಾಧ್ಯಾಯರ, ಬೆನ್ನ ಹಿಂದೆಯೇ ಇಡೀ ದಿನ ಓಡಾಡಬೇಕು. ಹತ್ತು ನಿಮಿಷಕ್ಕೊಮ್ಮೆ ನಡೆದದ್ದನ್ನು ಬರೆದುಕೊಳ್ಳಬೇಕು. ಕೊನೆಗೆ ಒಂದು ಗಂಟೆ ಎದುರಿಗೆ ಕೂತು ಪ್ರಶ್ನೆ ಕೇಳಬೇಕು. ಪ್ರಶ್ನೆ ಮಾತ್ರ. ಸಲಹೆ ಕೊಡುವ ಹಾಗಿಲ್ಲ, ಅವರ ಕೆಲಸ ಮಾಡಿಕೊಡುವ ಹಾಗಂತೂ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಹೆಡ್‌ಮಿಸ್ಟ್ರೆಸ್ ಆಗಿ ಮೆರೆದವಳಿಗೆ ಇದು ಬಾಯಿಗೆ ಬೀಗ ಹಾಕಿದ ಹಾಗೆ. ಆದರೂ ತಲೆಯಾಡಿಸಿದೆ. ಎರಡು ವರ್ಷ ಸ್ವೀಡಿಷ್ ತರಗತಿಯಲ್ಲಿ ಕೂತು ಬೆಂಚು ಸವೆಸಿದ್ದೆ. ಕೆಲಸ ಅಂತ ಒಂದು ಸಿಕ್ಕರೆ ಸಾಕಿತ್ತು.

ಸಮುದ್ರದ ಮೇಲೆ ಡೆನ್ಮಾರ್ಕಿಗೆ ಸೇತುವೆ ಬಂದು ಆಗ ಆರೇಳು ವರ್ಷ. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿ ಹಾಳು ಸುರಿಯುತ್ತಿದ್ದ ಬಂದರಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಎಲ್ಲೆಲ್ಲಿಂದಲೋ ಬಂದ ಸಂಸಾರಗಳು ಆ ನಗರದಲ್ಲಿ ನೆಲೆ ನಿಲ್ಲುತ್ತಿದ್ದವು. ಸೂರು ಇರುವ ಕಡೆಯೆಲ್ಲ ಯಾರೋ ಒಬ್ಬರು ಶಾಲೆ ತೆರೆಯಲು ಅರ್ಜಿ ಹಾಕುತ್ತಿದ್ದರು. ನನ್ನ ಗಂಡ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿಂದ ಮಾಲ್ಮೋಗೆ ಬಸ್ಸು, ರೈಲು ಸೇರಿ ನಾಲ್ಕು ಗಂಟೆಯ ದಾರಿ. ಶಾಲೆಗೆ ಹೋಗದ ದಿನಗಳಲ್ಲೂ ವರದಿ ಬರೆಯಲು ಸಂಸ್ಥೆಯ ಕಚೇರಿಗೆ ಹೋಗಬೇಕಿತ್ತು, ಹಾಗಾಗಿ ನಾನು ಮಾಲ್ಮೋದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಒಂದು ವಾರ ಬಿಟ್ಟು ಒಂದು ಶನಿವಾರ ಅವರು ಬರುತ್ತಿದ್ದರು. ಉಳಿದ ದಿನಗಳಲ್ಲಿ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಹೆಸರು ಬರೆದು ಸಮಯ ಕಾದಿರಿಸುವುದೇ ನನ್ನ ಸಾಮಾಜಿಕ ಜೀವನ. ಭಾನುವಾರ ಹತ್ತರಿಂದ ಒಂದರವರೆಗೆ. ಬಟ್ಟೆ ಮಡಚುತ್ತಾ ಗಟ್ಟಿಯಾಗಿ ಕನ್ನಡ ಮಾತಾಡಿಕೊಳ್ಳುತ್ತಿದ್ದೆ, ನನ್ನ ದನಿ ನನಗೇ ಮರೆತುಹೋಗದಿರಲಿ ಎಂದು. ಊರಿನಲ್ಲಿ ಕನ್ನಡದವರು ಇರಲಿಲ್ಲ ಎಂದಲ್ಲ. ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗುವ ಐಟಿ ಹುಡುಗರು, ಅವರ ಹೆಂಡಂದಿರು, ಒಂದೆರಡು ಸಲ ಸಿಕ್ಕಿದ್ದರು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಯಾವ ಕಂಪನಿ ಎಂದು. ಶಾಲೆ ಎಂದರೆ, ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಗುವಿಗೆ ಸೀಟು ಸಿಗಬಹುದಾ ಎಂಬುದು ಮುಂದಿನ ಪ್ರಶ್ನೆ. ಸಣ್ಣ ಮಕ್ಕಳ ದಾಗಿಸ್‌ಗೂ ನನಗೂ ಸಂಬಂಧವಿಲ್ಲ ಎಂದು ಗೊತ್ತಾದ ಮೇಲೆ ಮಾತು ತಾನಾಗಿಯೇ ಕ್ರಿಕೆಟ್ಟಿನ ಕಡೆ ತಿರುಗುತ್ತಿತ್ತು.

ನನ್ನ ಪಾಲಿಗೆ ಬಂದ ಶಾಲೆ ಹಳೆಯ ಹಡಗು ಕಾರ್ಖಾನೆಯ ನಕ್ಷೆ ಬರೆಯುವ ಕಚೇರಿಯಲ್ಲಿತ್ತು. ಉದ್ದನೆಯ ಹಜಾರ, ಎತ್ತರದ ಕಿಟಕಿಗಳು, ಎಂಬತ್ತು ಚಿಲ್ಲರೆ ಮಕ್ಕಳು. ಪೋಷಕರೇ ಸೇರಿ ಕಟ್ಟಿದ ಸಂಘ ಅದನ್ನು ನಡೆಸುತ್ತಿತ್ತು. ರೆಕ್ಟರ್ ಬೋಸ್ನಿಯಾದ ಹೆಂಗಸು, ನನ್ನ ವಯಸ್ಸಿನವಳೇ. ಅಲ್ಲಿ ಗಣಿತದ ಟೀಚರ್ ಆಗಿದ್ದವಳು ಯುದ್ಧದ ಕಾಲಕ್ಕೆ ಓಡಿಬಂದು, ಸ್ವೀಡನ್ನಿನ ಶಾಲೆಗಳಲ್ಲಿ ವರ್ಷಗಟ್ಟಲೆ ನೆಲ ಒರೆಸಿ, ಆಮೇಲೆ ಓದಿ, ಪರೀಕ್ಷೆ ಕಟ್ಟಿ, ಕೊನೆಗೆ ಒಂದು ಶಾಲೆಯ ಬೀಗದ ಕೈಗೊಂಚಲು ಹಿಡಿದಿದ್ದಳು. ಈ ಶಾಲೆ ಕೈತಪ್ಪಿದರೆ ಇನ್ನೊಂದನ್ನು ತನಗೆ ಯಾರೂ ಕೊಡುವುದಿಲ್ಲ ಎಂದು ಮೊದಲ ವಾರವೇ ಹೇಳಿದ್ದಳು. ಹೇಳುವಾಗ ಮುಖದಲ್ಲಿ ದುಃಖವೇನೂ ಇರಲಿಲ್ಲ, ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗಿತ್ತು.

ಮಂಗಳವಾರ ನನ್ನ ದಿನ. ಬೆಳಗ್ಗೆ ಏಳು ಮುಕ್ಕಾಲಿಗೆ ನೋಟ್‌ಬುಕ್ಕು ತೆರೆಯುತ್ತಿದ್ದೆ. ಬದಲಿ ಟೀಚರಿಗೆ ಫೋನ್. ಕಾಪಿ ಯಂತ್ರದಲ್ಲಿ ಸಿಕ್ಕಿಕೊಂಡ ಕಾಗದ ಎಳೆದದ್ದು. ಊಟದ ಗಾಡಿ ತಡವಾದದ್ದಕ್ಕೆ ಇನ್ನೊಂದು ಫೋನ್. ಒಂದನೇ ತರಗತಿಯವರ ಬಾಗಿಲ ಮುಂದೆ ಚೆಲ್ಲಿದ ಹಾಲು ಒರೆಸಿದ್ದು, ಅದನ್ನೂ ರೆಕ್ಟರೇ. ಕೊನೆಯ ಗಂಟೆಯಲ್ಲಿ ಆ ಪಟ್ಟಿ ಅವಳ ಮುಂದಿಟ್ಟು, ಇದರಲ್ಲಿ ನೀನೇ ಮಾಡಬೇಕಾಗಿದ್ದ ಕೆಲಸ ಯಾವುದು ಎಂದು ಕೇಳುತ್ತಿದ್ದೆ. ಅವಳು ಬಹಳ ಹೊತ್ತು ಪಟ್ಟಿ ನೋಡುತ್ತಿದ್ದಳು. ನನಗೆ ಉತ್ತರ ನಾಲಿಗೆ ತುದಿಯಲ್ಲಿರುತ್ತಿತ್ತು. ಕೈ ಕೈ ಹಿಸುಕಿಕೊಂಡು ಕೂರುತ್ತಿದ್ದೆ.

ಗಂಟೆ ಮುಗಿದ ಮೇಲೆ ಅವಳು ಮೇಜಿನ ಕೆಳಗಿನಿಂದ ಉದ್ದ ಹಿಡಿಯ ತಾಮ್ರದ ಪಾತ್ರೆ ತೆಗೆದು ತನ್ನೂರಿನ ಕಾಫಿ ಮಾಡುತ್ತಿದ್ದಳು. ಬೇರೆಯವರ ಫೀಕಾ, ಅಂದರೆ ಕಾಫಿ ವಿರಾಮ, ಹಜಾರದಲ್ಲಿ ನಡೆಯುತ್ತಿತ್ತು. ನಮ್ಮದು ಆ ಸಣ್ಣ ಕೋಣೆಯಲ್ಲಿ. ಅವಳ ಸ್ವೀಡಿಷ್ ಒಂದು ಕಡೆ ಎಡವಿದರೆ ನನ್ನದು ಇನ್ನೊಂದು ಕಡೆ. ಒಬ್ಬರನ್ನೊಬ್ಬರು ತಿದ್ದುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲವಾದ್ದರಿಂದ ಹಾಯಾಗಿ ಮಾತಾಡುತ್ತಿದ್ದೆವು. ವಾರದಲ್ಲಿ ಒಬ್ಬರು ನನಗಾಗಿ ಕಾಯುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ತೊಂದರೆ ಶುರುವಾಯಿತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗಳ ಮೇಲ್ವಿಚಾರಣೆಯ ಸರ್ಕಾರಿ ಕಚೇರಿಗೆ ದೂರು ಬರೆದಳು. ಮಗಳನ್ನು ವಿರಾಮದ ವೇಳೆಯಲ್ಲಿ ನೂಕುತ್ತಾರೆ, ಅಡ್ಡಹೆಸರಿಟ್ಟು ಕರೆಯುತ್ತಾರೆ, ಅವಳ ಬೂಟಿನೊಳಗೆ ನೀರು ತುಂಬಿಸುತ್ತಾರೆ ಎಂದು. ಇಂಥದ್ದನ್ನು ತಡೆಯಲು ಪ್ರತಿ ಶಾಲೆಯಲ್ಲೂ ಬರಹದಲ್ಲಿ ಒಂದು ಯೋಜನೆ ಇರಬೇಕು, ಅದನ್ನು ಶಿಕ್ಷಕರು ಮತ್ತು ಮಕ್ಕಳ ಜೊತೆ ಕೂತು ಮಾಡಬೇಕು ಎಂದು ಕಾನೂನಿತ್ತು. ಈ ಶಾಲೆಯಲ್ಲಿ ಯೋಜನೆ ಇನ್ನೂ ಆಗಿರಲಿಲ್ಲ. ಮೂರು ವಾರ ಬಿಟ್ಟು ತಪಾಸಣೆಗೆ ಬರುತ್ತೇವೆ ಎಂದು ಕಚೇರಿಯಿಂದ ಪತ್ರ ಬಂತು.

ರೆಕ್ಟರ್ ಶಿಕ್ಷಕರ ಸಭೆ ಕರೆದಳು. ಸ್ವೀಡನ್ನಿನ ಸಭೆ ಹೇಗೆಂದರೆ, ಮೇಜಿನ ಸುತ್ತ ಒಬ್ಬೊಬ್ಬರೇ ಸರದಿಯ ಪ್ರಕಾರ ಮಾತಾಡುತ್ತಾರೆ. ಯಾರೂ ಯಾರ ಮಾತನ್ನೂ ತುಂಡರಿಸುವುದಿಲ್ಲ. ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು. ಎರಡು ಸಭೆ ಆದರೂ ಒಂದು ಸಾಲು ಬರಹಕ್ಕಿಳಿಯಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಎತ್ತಿಕೊಳ್ಳೋಣ ಎಂದು ಎದ್ದರು. ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ನನಗೆ ಮೈ ಪರಚಿಕೊಳ್ಳುವಂತಾಯಿತು. ನಮ್ಮ ಶಾಲೆಯಾಗಿದ್ದರೆ ನಾನೊಂದು ಸುತ್ತೋಲೆ ಬರೆದು ಆಯಾ ಕೈಲಿ ಕಳಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಎಲ್ಲ ಟೀಚರುಗಳ ಸಹಿ ಬಿದ್ದು ವಾಪಸು ಬರುತ್ತಿತ್ತು. ಅದರಲ್ಲಿ ಏನಿದೆ ಎಂದು ಯಾರೂ ಓದುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯ ಸಭೆಯಾದ ಮೇಲೆ ರೆಕ್ಟರ್ ಕಾಫಿ ಮಾಡಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, ತನಗೆ ಸ್ವೀಡಿಷ್‌ನಲ್ಲಿ ಅಷ್ಟುದ್ದ ಬರೆಯಲು ಬರುವುದಿಲ್ಲ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ ಎಂದಳು. ನಾನು ಕೇಳಬೇಕಾಗಿದ್ದ ಪ್ರಶ್ನೆ ಹಾಳೆಯಲ್ಲೇ ಇತ್ತು: ಇದು ಯಾರಿಗೆ ಗೊತ್ತಿರಬಹುದು? ಕೇಳಲಿಲ್ಲ. ಚಿಂತೆ ಮಾಡಬೇಡ, ನಾನು ನೋಡ್ತೀನಿ ಎಂದುಬಿಟ್ಟೆ.

ಆ ಭಾನುವಾರ ಬಟ್ಟೆ ಒಗೆಯುವ ಸರದಿ ಬಿಟ್ಟುಕೊಟ್ಟೆ. ಬೆಳಗ್ಗೆ ಕೂತವಳು ಕತ್ತಲಾಗುವ ತನಕ ಏಳಲಿಲ್ಲ. ನವೆಂಬರಿನಲ್ಲಿ ಅಲ್ಲಿ ಕತ್ತಲಾಗುವುದು ನಾಲ್ಕು ಗಂಟೆಗೆ. ಪಕ್ಕದಲ್ಲಿ ನಿಘಂಟು, ಬೇರೆ ಶಾಲೆಗಳ ಎರಡು ಯೋಜನೆ, ಅನ್ನ, ಮೊಸರು. ವ್ಯಾಖ್ಯೆಗಳು, ಜವಾಬ್ದಾರಿಗಳು, ದೂರು ಬಂದರೆ ಯಾರು ಯಾವ ದಿನದೊಳಗೆ ಏನು ಮಾಡಬೇಕು ಎಂಬ ಕೋಷ್ಟಕ. ತೊಂದರೆ ಆಗಬಹುದಾದ ಜಾಗಗಳು: ಆಟದ ಬಯಲು, ಶೌಚಾಲಯ, ಮೆಟ್ಟಿಲು, ಊಟದ ಸಾಲು. ಹನ್ನೊಂದು ವರ್ಷದ ಅನುಭವವನ್ನೆಲ್ಲ ಸುರಿದೆ. ಹದಿನಾಲ್ಕು ಪುಟವಾಯಿತು. ಆ ದೇಶಕ್ಕೆ ಬಂದ ಮೇಲೆ ಅಷ್ಟು ಸಂತೋಷದ ದಿನ ನಾನು ಕಂಡಿರಲಿಲ್ಲ. ಯಾರಿಗೋ ನಾನು ಬೇಕಾಗಿದ್ದೆ. ಫೋನಿನಲ್ಲಿ ಗಂಡನಿಗೆ ಹೇಳಿದಾಗ ಅವರು, “ಅದು ಅವ್ರೇ ಬರೀಬೇಕಲ್ವೇನೇ? ನಿಮ್ ರೂಲ್ಸ್ ಪ್ರಕಾರ ಪ್ರಾಬ್ಲಮ್ ಆಗಲ್ವಾ?” ಎಂದರು. ಪಾಪ, ಒದ್ದಾಡ್ತಿದಾಳೆ ಎಂದು ಹೇಳಿ ಮಾತು ಮುಗಿಸಿದೆ.

ನಾನು ಕಳಿಸಿದ್ದನ್ನು ರೆಕ್ಟರ್ ಸಹಿ ಹಾಕಿ ನೀಲಿ ಫೈಲಿಗೆ ಸೇರಿಸಿದಳು.

ತಪಾಸಣೆಗೆ ಇಬ್ಬರು ಹೆಂಗಸರು ಬಂದರು. ನಮ್ಮ ಕಡೆ ಇನ್‌ಸ್ಪೆಕ್ಷನ್ ಎಂದರೆ ಮೊದಲು ಹಾರ, ಆಮೇಲೆ ಫೈಲು, ಕೊನೆಗೆ ಊಟ. ಇವರು ಫೈಲನ್ನು ಪಕ್ಕಕ್ಕಿಟ್ಟು ಸೀದಾ ಮಕ್ಕಳ ಬಳಿ ಹೋದರು. ನಾಲ್ಕು, ಐದನೇ ತರಗತಿಯ ಆರು ಮಕ್ಕಳನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಶಿಕ್ಷಕರ ಜೊತೆ. ಕೊನೆಗೆ ಬಂದು ರೆಕ್ಟರ್ ಮುಂದೆ ಕೂತು ಫೈಲು ತೆರೆದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಇಬ್ಬರಲ್ಲಿ ಹಿರಿಯಳು ಪುಟ ತಿರುವುತ್ತಾ, ಇದನ್ನು ಬರೆದವರು ಯಾರು ಎಂದು ಕೇಳಿದಳು.

ರೆಕ್ಟರ್ ನನ್ನ ಕಡೆ ನೋಡಲಿಲ್ಲ. ನಾನು ಎಂದಳು. ನಾನು ಸುಮ್ಮನೆ ಕೂತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಆವತ್ತು ನನಗೆ ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹತ್ತು ದಿನದಲ್ಲಿ ಕರಡು ವರದಿ ಬಂತು. ಶಾಲೆಯಲ್ಲಿ ಯಾವ ಜಾಗಕ್ಕೆ ಹೋಗಲು ನಿಮಗೆ ಇಷ್ಟವಿಲ್ಲ ಎಂದು ಮಕ್ಕಳನ್ನು ಕೇಳಿದ್ದರಂತೆ. ಆರು ಮಕ್ಕಳೂ ಒಂದೇ ಜಾಗ ಹೇಳಿದ್ದವು: ಹಿಂದಿನ ಮೆಟ್ಟಿಲಿನ ಪಕ್ಕದ ಕೋಟು ಕೋಣೆ. ಆ ಚಳಿಯ ದೇಶದಲ್ಲಿ ಮಕ್ಕಳು ಪ್ರತಿ ವಿರಾಮಕ್ಕೂ ಹೊರಗೆ ಹೋಗುವಾಗ ದಪ್ಪ ಅಂಗಿ, ಬೂಟು, ಟೋಪಿ, ಕೈಗವಸು ಹಾಕಿಕೊಳ್ಳಬೇಕು, ಬಂದ ಮೇಲೆ ಎಲ್ಲ ಬಿಚ್ಚಬೇಕು. ದಿನಕ್ಕೆ ಆರೇಳು ಸಲ, ಸಲಕ್ಕೆ ಹತ್ತು ನಿಮಿಷ, ಎಂಬತ್ತು ಮಕ್ಕಳು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಒಬ್ಬರ ಮೇಲೊಬ್ಬರು. ಟೀಚರುಗಳು ಅಷ್ಟರಲ್ಲಿ ತಮ್ಮ ಕೋಟು ತರಲು ಹೋಗಿರುತ್ತಿದ್ದರು. ಹದಿನಾಲ್ಕು ಪುಟದ ಯೋಜನೆಯಲ್ಲಿ ಕೋಟು ಕೋಣೆಯ ಹೆಸರೇ ಇಲ್ಲ, ರೆಕ್ಟರ್‌ಗೆ ತನ್ನ ಶಾಲೆಯಲ್ಲಿ ನಡೆಯುವುದರ ತಿಳಿವಳಿಕೆ ಇದ್ದಂತಿಲ್ಲ ಎಂದು ವರದಿ ಹೇಳಿತ್ತು.

ಪ್ರತಿ ಮಂಗಳವಾರ ನಾನು ಆ ಕೋಣೆಯ ಮುಂದೆಯೇ ಓಡಾಡಿದ್ದೆ. ನನ್ನ ಕಣ್ಣಿಗೆ ಅದು ಚಪ್ಪಲಿ ಬಿಡುವ ಜಾಗ. ಬೆಂಗಳೂರಿನ ಶಾಲೆಯಲ್ಲಿ ಮಕ್ಕಳು ಗಂಟೆ ಹೊಡೆದ ತಕ್ಷಣ ಬಯಲಿಗೆ ಓಡುತ್ತವೆ. ಜಗಳ, ಕಣ್ಣೀರು ಎಲ್ಲ ಅಲ್ಲೇ. ವಿರಾಮ ಎಂದರೆ ಬಯಲು ಎಂದು ನಾನು ಎರಡನೇ ಯೋಚನೆಯಿಲ್ಲದೆ ಬರೆದಿದ್ದೆ. ಹುಡುಗಿಯ ಬೂಟಿನಲ್ಲಿ ನೀರು ಎಂದು ದೂರಿನಲ್ಲಿ ಓದಿದವಳು, ಬೂಟು ಇರುವುದೆಲ್ಲಿ ಎಂದು ಯೋಚಿಸಿರಲಿಲ್ಲ. ನೋಟ್‌ಬುಕ್ಕು ತೆಗೆದು ನೋಡಿದೆ. ಎರಡನೆಯ ಸಭೆಯ ದಿನ ನನ್ನದೇ ಅಕ್ಷರದಲ್ಲಿ ಹೀಗಿತ್ತು: “2.40. ಬಟ್ಟೆ, ಬೂಟಿನ ಬಗ್ಗೆ ಮಾತು. ವಿಷಯ ಬಿಟ್ಟು ಹೋಗುತ್ತಿದ್ದಾರೆ.” ಆ ಸರದಿಯ ಮಾತು ಇನ್ನೊಂದು ಸುತ್ತು ಹೋಗಿದ್ದರೆ ಅವರೇ ಅಲ್ಲಿಗೆ ಮುಟ್ಟುತ್ತಿದ್ದರು. ನನ್ನ ಯೋಜನೆ ಫೈಲಿನಲ್ಲಿ ಬೆಚ್ಚಗೆ ಮಲಗಿದ್ದಷ್ಟು ದಿನವೂ ಆ ಹುಡುಗಿ ದಿನಕ್ಕೆ ಆರು ಸಲ ಆ ಕೋಣೆಗೆ ಹೋಗಿದ್ದಳು.

ಶಾಲೆಯ ಆಡಳಿತ ಸಂಘ ಡಿಸೆಂಬರಿನ ಎರಡನೆಯ ವಾರ ಸಭೆ ಕರೆದಿತ್ತು, ರೆಕ್ಟರ್ ಅನ್ನು ಬದಲಿಸುವ ವಿಷಯಕ್ಕೆ. ನಾನು ಅವಳ ಕೋಣೆಗೆ ಹೋಗಿ, ತಪ್ಪು ನನ್ನದು ಎಂದೆ. ಅಂಥ ಕೋಣೆಯೇ ನಮ್ಮೂರ ಶಾಲೆಗಳಲ್ಲಿ ಇರುವುದಿಲ್ಲ, ನನಗೆ ಹೊಳೆಯಲೇ ಇಲ್ಲ ಎಂದೆ. ಅವಳು ನೀಲಿ ಫೈಲನ್ನು ತನ್ನ ಕಡೆ ಎಳೆದುಕೊಂಡಳು.

“ನಂಗೆ ಹೊಳೆದಿತ್ತು,” ಎಂದಳು. “ಓದಿದ ದಿನವೇ ನೋಡ್ದೆ, ಕೋಟು ಕೋಣೆ ಇಲ್ವಲ್ಲ ಅಂತ. ಆದ್ರೆ ಬರೆದೋರು ನೀವು. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ.”

ಎದುರಿನವರು ಬಾಯಿ ಬಿಡಲಿ ಎಂದೇ ನನ್ನನ್ನು ಅಲ್ಲಿಗೆ ಕಳಿಸಿದ್ದರು. ನಾನು ಅವಳಿಗೆ ಗೊತ್ತಿದ್ದದ್ದನ್ನೂ ಹೇಳದ ಹಾಗೆ ಮಾಡಿದ್ದೆ.

ಮರುದಿನ ಬೆಳಗ್ಗೆ ನಮ್ಮ ಸಂಸ್ಥೆಯ ಮುಖ್ಯಸ್ಥನ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಆತ ಸ್ವೀಡನ್ನಿನ ಉತ್ತರ ಭಾಗದವನು. ಆ ಕಡೆಯವರು ಹೌದು ಎನ್ನಲು ಮಾತಾಡುವುದಿಲ್ಲ, ಉಸಿರನ್ನು ಸಣ್ಣಗೆ ಒಳಗೆಳೆದುಕೊಳ್ಳುತ್ತಾರೆ. ನಾನು ಹೇಳಿ ಮುಗಿಸುವವರೆಗೆ ಮೂರು ಸಲ ಉಸಿರೆಳೆದುಕೊಂಡ. ಬೈದಿದ್ದರೆ ಚೆನ್ನಾಗಿತ್ತು. ನೀನು ಏನು ಮಾಡಬೇಕು ಅಂತಿದ್ದೀಯ ಎಂದು ಕೇಳಿದ, ಅಷ್ಟೇ. ನಿಯಮ ನನಗೂ ಅನ್ವಯಿಸುತ್ತದೆ ಎಂದು ಆಗ ಗೊತ್ತಾಯಿತು. ಸಂಘದ ಮುಂದೆ ಹೋಗಿ ಹೇಳುತ್ತೇನೆ, ತಪಾಸಣಾ ಕಚೇರಿಗೂ ಬರೆಯುತ್ತೇನೆ ಎಂದೆ. ನಿಯಮ ಮುರಿದದ್ದು ನಿನ್ನ ದಾಖಲೆಯಲ್ಲಿ ಬರುತ್ತದೆ, ವಸಂತಕ್ಕೆ ಕರಾರು ಮುಂದುವರಿಸುವಾಗ ಅದನ್ನು ನೋಡುತ್ತಾರೆ ಎಂದ. ಸಂಘದ ಸಭೆಯವರೆಗೆ ಶಾಲೆಗೆ ಹೋಗಬೇಡ ಎಂದೂ ಹೇಳಿದ. ಪತ್ರವನ್ನು ಅಂದೇ ಬರೆದು ಅಂಚೆಗೆ ಹಾಕಿದೆ. ಎರಡು ಮಂಗಳವಾರ ಕೋಣೆಯಲ್ಲೇ ಕಳೆದೆ. ಯಾರ ಜೊತೆಗೂ ಒಂದು ಮಾತಾಡದೆ ಕಳೆದ ದಿನಗಳು ಅವು. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಹೇಳುವ ಥ್ಯಾಂಕ್ಸ್ ಒಂದನ್ನು ಬಿಟ್ಟರೆ.

ಸಭೆ ಸಂಜೆ ಐದಕ್ಕೆ, ಶಾಲೆಯ ಹಜಾರದಲ್ಲೇ. ಏಳು ಜನ ಪೋಷಕರು ಮೇಜಿನ ಸುತ್ತ. ಅಧ್ಯಕ್ಷ ಒಬ್ಬ ಅಜ್ಜ, ಇಲ್ಲಿ ಮೊಮ್ಮಗಳನ್ನು ಬಿಟ್ಟಿದ್ದವನು. ಹರೆಯದಲ್ಲಿ ಅದೇ ಹಜಾರದಲ್ಲಿ ಹಡಗಿನ ನಕ್ಷೆ ಬರೆಯುತ್ತಿದ್ದನಂತೆ. ರೆಕ್ಟರ್ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ನನಗೆ ಐದು ನಿಮಿಷ ಕೊಟ್ಟರು. ಯೋಜನೆ ಬರೆದವಳು ನಾನು, ಅದು ನಾನು ಮಾಡಬಾರದ ಕೆಲಸ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಅವಳ ಪರ ವಕಾಲತ್ತು ಶುರು ಮಾಡಿದೆ. ಎಷ್ಟು ಕಷ್ಟಪಟ್ಟು ಮೇಲೆ ಬಂದವಳು, ಎಷ್ಟು ಗಂಟೆ ದುಡಿಯುತ್ತಾಳೆ, ಅವಳ ಭಾಷೆಯ ತೊಂದರೆ ಅರ್ಥ ಮಾಡಿಕೊಳ್ಳಿ ಎಂದು ಒಂದೇ ಸಮ ಹೇಳುತ್ತಿದ್ದೆ. ಮೇಜಿನ ಸುತ್ತ ಯಾರೂ ತಡೆಯಲಿಲ್ಲ. ಅಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲವಲ್ಲ.

ತಡೆದವಳು ರೆಕ್ಟರ್. “ಸಾಕು,” ಎಂದಳು. “ಇನ್ನು ನೀವು ಕೂತ್ಕೊಳ್ಳಿ. ನನ್ನ ಶಾಲೆ ವಿಷಯ ನಾನು ಹೇಳ್ತೀನಿ.”

ಕೂತೆ. ಅವಳು ಎದ್ದು ನಿಂತಳು. ಬರೆದವರು ಅವರು, ಸಹಿ ನನ್ನದು ಎಂದಳು. ಕೋಟು ಕೋಣೆ ಬಿಟ್ಟುಹೋಗಿದೆ ಎಂದು ಗೊತ್ತಿದ್ದೂ ಸಹಿ ಹಾಕಿದೆ, ಹಾಗಾಗಿ ತಪ್ಪೂ ನನ್ನದು, ಬೇರೆ ಯಾರದೂ ಅಲ್ಲ ಎಂದಳು. ವರದಿ ಬಂದ ಮೇಲೆ ಮಾಡಿದ್ದನ್ನು ಹೇಳಿದಳು: ತರಗತಿಗಳನ್ನು ಐದೈದು ನಿಮಿಷದ ಅಂತರದಲ್ಲಿ ವಿರಾಮಕ್ಕೆ ಬಿಡುವ ಹಾಗೆ ವೇಳಾಪಟ್ಟಿ ಬದಲಿಸಿದ್ದಾಳೆ, ಕೋಣೆಯ ನಕ್ಷೆಯನ್ನು ಮಕ್ಕಳಿಂದಲೇ ಬರೆಸಿದ್ದಾಳೆ, ಕೋಟು ತೂಗುಹಾಕುವ ಯಾವ ಮೊಳೆ ಯಾರಿಗೆ ಎಂದು ಅವರೇ ತೀರ್ಮಾನಿಸಿದ್ದಾರೆ, ದೂರು ಕೊಟ್ಟ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದಾಳೆ. “ನನ್ನ ಮೇಜನ್ನೂ ಆ ಕೋಣೆಗೇ ಹಾಕಿಸಿದೀನಿ. ಹನ್ನೆರಡು ದಿನ ಆಯ್ತು. ಆಫೀಸಲ್ಲಿ ಇನ್ನು ಕಾಗದ ಮಾತ್ರ ಇರತ್ತೆ.” ಅವಳ ಸ್ವೀಡಿಷ್ ಹೆಜ್ಜೆಗೊಮ್ಮೆ ಎಡವುತ್ತಿತ್ತು. ಅಧ್ಯಕ್ಷ ಕನ್ನಡಕ ತೆಗೆದು ಕೇಳುತ್ತಿದ್ದ.

ಹೊರಗಿನವರು ಸ್ವಲ್ಪ ಆಚೆ ಇರಬೇಕು ಎಂದರು. ಹೊರಗಿನವಳು ನಾನೊಬ್ಬಳೇ. ಹಿಂದಿನ ಮೆಟ್ಟಿಲ ಕಡೆ ಹೋಗಿ ನೋಡಿದೆ. ಮೇಜು ನಿಜವಾಗಿಯೂ ಅಲ್ಲಿತ್ತು, ಸಣ್ಣ ಸಣ್ಣ ಒದ್ದೆ ಅಂಗಿಗಳ ಸಾಲಿನ ನಡುವೆ. ಮೇಲೆ ಒಂದು ದೀಪ, ಪೆನ್ನಿನ ಡಬ್ಬಿ, ಕಾಫಿಯ ತಾಮ್ರದ ಪಾತ್ರೆ. ಇದರಲ್ಲಿ ಒಂದನ್ನೂ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೆಮ್ಮೆಯಾಯಿತು. ಕೆಳಗೆ ಬಿದ್ದಿದ್ದ ಒಂದು ಕೈಗವಸನ್ನು ಎತ್ತಿ, ಅದು ಯಾವ ಮೊಳೆಯದೆಂದು ಗೊತ್ತಾಗದೆ ಮೇಜಿನ ಮೇಲಿಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಅವಳು ಹೊರಗೆ ಬಂದಳು. ಜೂನ್‌ವರೆಗೆ ಇರಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಗಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಆದರೆ ಇನ್ನೊಂದು ಮಾತು ಹೇಳಲಿಕ್ಕಿದೆ ಎಂದಳು. ತರಬೇತುದಾರರು ಇನ್ನು ಬೇಡ ಎಂದು ಅವಳೇ ಸಂಘದ ಮುಂದೆ ಕೇಳಿಕೊಂಡಿದ್ದಳು.

“ಕೋಪ ಅಲ್ಲ,” ಎಂದಳು. “ನೀವು ಪಕ್ಕದಲ್ಲಿದ್ರೆ ಏನೇ ಬಂದ್ರೂ ಮೊದ್ಲು ನಿಮ್ಮ ಮುಖ ನೋಡ್ತೀನಿ.”

ವಾರ ಮುಗಿಯುವುದರೊಳಗೆ ಸಂಸ್ಥೆಯ ಮುಕ್ತಾಯದ ನಮೂನೆ ತುಂಬಿಕೊಟ್ಟೆ. ಕೊನೆಯ ಪ್ರಶ್ನೆ, ಈ ರೆಕ್ಟರ್‌ಗೆ ಇನ್ನೂ ನೆರವು ಬೇಕೇ ಎಂದು. ಬೇಡ ಎಂದು ಬರೆದು ಸಹಿ ಹಾಕಿದೆ. ಮುಖ್ಯಸ್ಥ ಅದನ್ನು ಓದಿ, ನಿನ್ನನ್ನು ಸೇರಿಸಿಕೊಂಡದ್ದು ಇದಕ್ಕೇ ಅಲ್ಲವೇ ಎಂದ. ಹೌದು ಎಂದೆ. ಗಂಡ ಫೋನಿನಲ್ಲಿ, “ಹಂಗಾದ್ರೆ ಗುಡ್ ನ್ಯೂಸೇ ತಾನೇ?” ಎಂದು ಕೇಳಿದರು. ಅವರಿಗೂ ಹೌದು ಎಂದೆ.

ಮುಂದಿನ ಮಂಗಳವಾರ ಅಭ್ಯಾಸಬಲದಿಂದ ಆರಕ್ಕೇ ಎದ್ದೆ. ಸ್ನಾನ ಮಾಡಿ, ತಿಂಡಿ ತಿಂದು, ಕೋಟು, ಬೂಟು, ಟೋಪಿ, ಕೈಗವಸು ಎಲ್ಲ ಹಾಕಿಕೊಂಡು ಬಾಗಿಲ ಚಿಲಕಕ್ಕೆ ಕೈ ಹಾಕಿದ ಮೇಲೆ, ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವುದು ನೆನಪಾಯಿತು. ಹಾಗೇ ಮಂಚದ ಮೇಲೆ ಕೂತೆ. ಮೈಯೆಲ್ಲ ಬೆವರುತ್ತಿದ್ದರೂ ಬಹಳ ಹೊತ್ತು ಕೋಟು ಬಿಚ್ಚಲು ಮನಸ್ಸಾಗಲಿಲ್ಲ.